ಸೊಪ್ಪಿನ ಸಾರಿಗೆ ಇದ್ದಿಲು ಬೇಡ

ನಲ್ಲಿಯಲ್ಲಿ ನೀರು ಬರುವ ಮೊದಲು ಪೈಪಿನೊಳಗೆ ಒಂದು ಉಸಿರು ಬರುತ್ತದೆ, ದೂರದಲ್ಲಿ ಯಾರೋ ನಿದ್ದೆಯಿಂದ ಏಳುತ್ತಿರುವ ಹಾಗೆ. ಆ ಸದ್ದಿಗೇ ನನಗೆ ಎಚ್ಚರವಾಗುತ್ತದೆ. ಇವತ್ತೂ ಹಾಗೇ ಎದ್ದೆ. ಡ್ರಮ್ಮಿಗೆ ನೀರು ಬಿಟ್ಟು, ಹಾಲು ಒಲೆಯ ಮೇಲಿಟ್ಟು, ಮುಂಬಾಗಿಲು ತೆರೆದೆ. ಎದುರುಮನೆಯ ನಿಂಗಮ್ಮನವರ ಸೊಸೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರಂಗೋಲಿ ಎಳೆಯುತ್ತಿದ್ದಳು. ಮಗು ಬಗ್ಗಿದಾಗೆಲ್ಲ ಗೆರೆಯೂ ಸ್ವಲ್ಪ ಬಾಗುತ್ತಿತ್ತು. ಅವಳು ಅದನ್ನು ಅಳಿಸದೆ, ಬಾಗಿದ ಕಡೆ ಒಂದು ಎಲೆ ಬರೆದು ಮುಂದಕ್ಕೆ ಹೋಗುತ್ತಿದ್ದಳು. ನಾನು ನೋಡುತ್ತಾ ನಿಂತುಬಿಟ್ಟೆ. ಒಳಗೆ ಹಾಲು ಉಕ್ಕಿತು.

ಒಲೆ ಒರೆಸಿ, ಚಿತ್ರಾನ್ನ ಕಲೆಸಿ, ನಮ್ಮವರ ಡಬ್ಬಿ ಒಂದು ಕಡೆ, ಮಗಳ ಡಬ್ಬಿ ಒಂದು ಕಡೆ ಇಟ್ಟೆ. ನಮ್ಮವರು ಸ್ಕೂಟರನ್ನು ಓರೆ ಮಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟರು. ಮಗಳು ಒಂದು ಜಡೆ ಹೆಣೆದು, ಇನ್ನೊಂದನ್ನು ಬೀದಿಯಲ್ಲಿ ಹೆಣೆದುಕೊಳ್ಳುತ್ತಾ ಓಡಿದಳು. ಮನೆ ಖಾಲಿಯಾದಾಗ ಮಂಡ್ಯದ ಗುತ್ತಲಿನ ನಮ್ಮ ಬೀದಿಗೆ ಒಂದು ತೆಳ್ಳನೆಯ ಮೌನ ಬರುತ್ತದೆ. ಒಗೆಯುವ ಕಲ್ಲಿನ ಸದ್ದು, ಕುಕ್ಕರಿನ ವಿಷಲ್ಲು ಎಲ್ಲ ಆ ಮೌನದೊಳಗೇ ಇರುತ್ತವೆ. ಕಾಫಿ ಲೋಟ ಹಿಡಿದು ಕುಳಿತಾಗ ಫೋನು ಬಂತು.

ಮದ್ದೂರಿನ ಆಚೆಗಿರುವ ಗಾರ್ಮೆಂಟ್ಸ್ ಕಾರ್ಖಾನೆಯಿಂದ. ಒಬ್ಬ ಹುಡುಗ, ಬಹಳ ಮರ್ಯಾದೆಯ ದನಿ. ವೆಲ್‌ಫೇರ್ ವಿಭಾಗಕ್ಕೆ ಹೊಸದಾಗಿ ಬಂದಿದ್ದಾನಂತೆ. ದೂರುಗಳ ಸಾಫ್ಟ್‌ವೇರಿನಲ್ಲಿ ಹಳೆಯ ಮೇಡಂ ಬೀಗ ಹಾಕಿಟ್ಟ ದೂರುಗಳು ಒಂದು ರಾಶಿ ಇವೆಯಂತೆ. ಅವನಿಗೆ ಕಾಣುತ್ತಿಲ್ಲ, ಮ್ಯಾನೇಜರಿಗೂ ಕಾಣುತ್ತಿಲ್ಲ. ಬಟ್ಟೆ ಕೊಳ್ಳುವ ಹೊರದೇಶದವರು ತಪಾಸಣೆಗೆ ಬರುತ್ತಿದ್ದಾರೆ, ಅಷ್ಟೊಂದು ಬೀಗ ನೋಡಿದರೆ ಒಳಗೆ ಏನೇನೋ ನಡೆದಿದೆ ಅಂದುಕೊಳ್ಳುತ್ತಾರೆ. ಬೀಗ ತೆಗೆಯುವ ಅಧಿಕಾರ ಇದ್ದದ್ದು ಆ ಮೇಡಮ್ಮಿಗೆ ಮತ್ತು ನನಗೆ.

“ಅವ್ರಂತೂ ಇಲ್ಲ ಮೇಡಂ. ನಿಮ್ಮ ಲಾಗಿನ್ ಇನ್ನೂ ಇದೆ. ಎಲ್ಲವನ್ನೂ ‘ಎಲ್ಲರಿಗೂ ಕಾಣಲಿ’ ಅಂತ ಮಾಡಿಕೊಟ್ಟುಬಿಟ್ಟರೆ ಸಾಕು,” ಎಂದ.

ಮಧ್ಯಾಹ್ನ ನೋಡುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಕಾಫಿ ಆರಿಹೋಗಿತ್ತು. ಅವರು ಇಲ್ಲ ಎಂಬುದನ್ನು ಹೋದ ತಿಂಗಳು ಮಳವಳ್ಳಿಯಿಂದ ಅವರ ಮಗಳು ಫೋನು ಮಾಡಿ ಹೇಳಿದ್ದಳು. ಅವತ್ತು ಕೇಳಿಸಿಕೊಂಡಿದ್ದೆ. ನಿಜವಾಗಿ ತಿಳಿದದ್ದು ಇವತ್ತೇ ಇರಬೇಕು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿದ್ದರು. ಬೆಳಿಗ್ಗೆ ರೈಲಿನಲ್ಲಿ ಮದ್ದೂರಿಗೆ ಹೋಗಿ ಸಂಜೆ ಬರುತ್ತಿದ್ದರು. ಕಂಚಿಯ ಹತ್ತಿ ಸೀರೆ, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಒಂದು ಕೊಡೆ. ಕೊಡೆ ಬಿಚ್ಚಿದ್ದನ್ನು ನಾನು ನೋಡಿಲ್ಲ. ದಿನಾ ಮದ್ದೂರಿಗೆ ಹೋಗಿಬರುವವರು ಒಂದು ದಿನವಾದರೂ ವಡೆ ತರಬಾರದೇ ಎಂದು ಬೀದಿಯವರು ರೇಗಿಸಿದರೆ, “ದಿನಾ ಮಂಡ್ಯದಾಗೇ ಇರೋ ನೀವು ನಂಗೆ ಎಂದಾದ್ರೂ ಬೆಲ್ಲ ಕೊಟ್ಟಿದ್ದೀರಾ?” ಎನ್ನುತ್ತಿದ್ದರು.

ಅವರ ದನಿ ಬಹಳ ದೊಡ್ಡದು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಅವರ ತಂದೆ ಕೆಲಸದಲ್ಲಿದ್ದರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಹೊಳೆ ತುಂಬಿದ ದಿನಗಳಲ್ಲಿ ಮನೆಯೊಳಗೆ ಕುಳಿತರೂ ಮೈಗೆ ನೀರಿನ ಸದ್ದು ಹತ್ತುತ್ತಿತ್ತಂತೆ. ಗೋಡೆಗೆ ಕೈ ಇಟ್ಟರೆ ಗೋಡೆ ಉಸಿರಾಡುವ ಹಾಗೆ ಅನ್ನಿಸುತ್ತಿತ್ತಂತೆ. ಅಡುಗೆಮನೆಯಿಂದ ಜಗುಲಿಗೆ ಮಾತು ಮುಟ್ಟಬೇಕಾದರೆ ಕೂಗಲೇಬೇಕು. ಆ ಅಭ್ಯಾಸ ಗುತ್ತಲಿಗೂ ಅವರ ಜೊತೆ ಬಂತು. ಬದನೆಕಾಯಿಗೆ ಎಷ್ಟು ಕೊಟ್ಟರು, ಅಳಿಯನಿಗೆ ಯಾವ ಹಲ್ಲು ನೋವು, ಎಲ್ಲವೂ ಬೀದಿಗೆ ಗೊತ್ತಿರುತ್ತಿತ್ತು. ಆದರೆ ಕಾರ್ಖಾನೆಯ ಹೆಣ್ಣುಮಕ್ಕಳು ನಂಬಿ ಹೇಳಿದ ಒಂದು ಮಾತು ಅವರ ಬಾಯಿಂದ ಹೊರಬಿದ್ದದ್ದನ್ನು ಯಾರೂ ಕೇಳಿಲ್ಲ. ಅಷ್ಟು ಗಟ್ಟಿ ಬಾಯಿಯ ಹಿಂದೆ ಅಷ್ಟೊಂದು ಜಾಗ ಎಲ್ಲಿತ್ತೋ.

ಅವರು ನನ್ನನ್ನು ಕೆಲಸಕ್ಕೆ ಎಳೆದುಕೊಂಡದ್ದೂ ಹಾಗೇ, ಬೀದಿಗೆಲ್ಲ ಕೇಳಿಸುವಂತೆ. ನಾನು ಜಗುಲಿಯಲ್ಲಿ ಕುಳಿತು ಮಗಳಿಗೆ ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದೆ. ಕೊಡೆ ಹಿಡಿದು ಹೋಗುತ್ತಿದ್ದವರು ನಿಂತರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಕಾನ್ವೆಂಟ್ನಾಗೆ ಓದಿದ್ದು ಚಪಾತಿ ಲಟ್ಸೋಕಾ ಕಣಮ್ಮ ನೀನು?”

ಚಪಾತಿಯನ್ನೂ ಚೆನ್ನಾಗಿ ಲಟ್ಟಿಸುತ್ತೇನೆ ಎಂದುಬಿಟ್ಟೆ. ಅವರು ಜೋರಾಗಿ ನಕ್ಕು, ಗೇಟು ತೆಗೆದುಕೊಂಡು ಒಳಗೆ ಬಂದು, ಕೆಲಸ ಏನೆಂದು ಹೇಳಿದರು.

ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಕಂಪನಿ ಬಸ್ಸುಗಳಲ್ಲಿ ಬರುತ್ತಾರೆ. ಅವರ ದೂರುಗಳನ್ನು ಅಕ್ಕ ಕೇಳಿ ಬರೆದುಕೊಳ್ಳುತ್ತಿದ್ದರು. ಫ್ಯಾನು ನಿಂತದ್ದಾಗಲಿ, ಶೌಚಾಲಯದಲ್ಲಿ ನೀರಿಲ್ಲದ್ದಾಗಲಿ, ಯಾರಾದರೂ ಕೆಟ್ಟದಾಗಿ ಬೈದದ್ದಾಗಲಿ, ಒಂದೊಂದೂ ಒಂದು ನಂಬರಾಗಿ ಕಂಪ್ಯೂಟರಿಗೆ ಹೋಗಬೇಕು. ಸರಿಮಾಡಬೇಕಾದವರು ಯಾರು, ಕೆಲಸ ಎಲ್ಲಿಗೆ ಬಂತು, ಮುಗಿಯಿತೇ ಎಂಬುದೆಲ್ಲ ಆ ನಂಬರಿನ ಕೆಳಗೆ ಸೇರುತ್ತಾ ಹೋಗುತ್ತದೆ. ಬಟ್ಟೆ ಕೊಳ್ಳುವ ಹೊರದೇಶದವರೂ ಅದನ್ನು ನೋಡುವುದರಿಂದ ಎಲ್ಲ ಇಂಗ್ಲಿಷಿನಲ್ಲಿರಬೇಕು. ಅಕ್ಕ ಒಂದೇ ಬೆರಳಿನಲ್ಲಿ ಕನ್ನಡದಲ್ಲಿ ಒತ್ತಿ ಕಳಿಸುತ್ತಿದ್ದರು. ನಾನು ಮನೆಯಲ್ಲಿ ಕುಳಿತು, ಬಟ್ಟೆ ಒಣಹಾಕಿ ಬಂದ ಒದ್ದೆ ಕೈ ಒರೆಸಿಕೊಂಡು, ಇಂಗ್ಲಿಷ್ ಮಾಡುತ್ತಿದ್ದೆ.

ನನ್ನ ಇಂಗ್ಲಿಷ್ ಸಿಸ್ಟರ್‌ಗಳು ಕಲಿಸಿದ ರಜಾಚೀಟಿಯ ಇಂಗ್ಲಿಷ್. “ಆ ಫ್ಯಾನು ಸತ್ತೋಗಿ ವಾರಾಯ್ತು, ನಾವೇನು ಇಡ್ಲಿನಾ ಬೇಯೋಕೆ” ಎಂಬುದು ನನ್ನ ಕೈಗೆ ಬಂದರೆ, ಗಾಳಿಯ ಕೊರತೆಯನ್ನು ದಯವಿಟ್ಟು ಪರಿಗಣಿಸಬೇಕಾಗಿ ವಿನಂತಿ ಎಂದಾಗುತ್ತಿತ್ತು. ಇಡ್ಲಿ ಕಳೆದುಹೋಯಿತಲ್ಲ ಎಂದು ನಾನು ಬೇಜಾರು ಮಾಡಿಕೊಂಡರೆ ಅಕ್ಕನಿಗೆ ಅದೇ ಸಂತೋಷ. ಮಾತು ಕೇಳಿದರೆ ಮಳವಳ್ಳಿ ಕಡೆಯವಳೋ ಮಂಡ್ಯ ಕಡೆಯವಳೋ ಗೊತ್ತಾಗಿಬಿಡುತ್ತದೆ. ನನ್ನ ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ ತಾಯಿಯ ಮಕ್ಕಳು.

ಪ್ರತಿ ದೂರಿನ ಪಕ್ಕದಲ್ಲಿ, ಇದು ಯಾರಿಗೆ ಕಾಣಬೇಕು ಎಂದು ಕೇಳುವ ಒಂದು ಜಾಗವಿತ್ತು. ಎಲ್ಲರಿಗೂ, ಸೂಪರ್‌ವೈಸರುಗಳಿಗೆ, ಆಫೀಸಿಗೆ, ವೆಲ್‌ಫೇರಿಗೆ ಮಾತ್ರ. ಕಟ್ಟಕಡೆಗೆ, ದೂರು ಕೊಟ್ಟವರಿಗೆ ಮಾತ್ರ. ಆ ಕೊನೆಯದನ್ನು ನಾವು ಮುಟ್ಟುತ್ತಿರಲಿಲ್ಲ. ಕೊಟ್ಟವಳೊಬ್ಬಳಿಗೇ ಕಂಡರೆ ಸರಿಮಾಡುವವರು ಯಾರು? ‘ವೆಲ್‌ಫೇರಿಗೆ ಮಾತ್ರ’ ಎಂದು ಒತ್ತಿದರೆ ದೂರಿನ ಪಕ್ಕದಲ್ಲಿ ಒಂದು ಪುಟ್ಟ ಬೀಗ ಮೂಡುತ್ತಿತ್ತು. ಅಂಥದ್ದರಲ್ಲಿ ಹೆಸರು ನನಗೂ ಕಾಣುತ್ತಿರಲಿಲ್ಲ, ಬರಹವಷ್ಟೇ.

ಆ ಬೀಗಕ್ಕೆ ಅಕ್ಕ ಇದ್ದಿಲು ಎನ್ನುತ್ತಿದ್ದರು.

ಅದಕ್ಕೊಂದು ಹಿನ್ನೆಲೆಯಿದೆ. ಅವರು ನಮ್ಮ ಮನೆಗೆ ಮೊದಲ ಸಲ ಕೋಳಿ ಸಾರು ತಂದದ್ದು ದೀಪ ಹಚ್ಚುವ ಹೊತ್ತಿನಲ್ಲಿ. ಮುಚ್ಚಳದ ಮೇಲೆ ಒಂದು ಇದ್ದಿಲು ಚೂರು, ಒಂದು ಒಣಮೆಣಸಿನಕಾಯಿ. ನಾನು ಪಟ್ಟಣದಲ್ಲಿ ಬೆಳೆದವಳು, ಕೇಳಿದ್ದೆ, ಕಂಡಿರಲಿಲ್ಲ. ಇದೇನಕ್ಕಾ ಎಂದೆ. “ಮೂರ್ಸಂಜೇಲಿ ಬಾಡಿನ ಸಾರ್ನ ಬರೀ ಮುಚ್ಚಳ ಮುಚ್ಚಿ ಬೀದಿ ದಾಟಿಸ್ತಾರಾ? ದಾರೀಲಿ ಏನೇನ್ ಕಣ್ಣಿರ್ತವೋ,” ಎಂದರು. ಆಮೇಲೊಂದು ದಿನ ಸೊಪ್ಪಿನ ಸಾರು ತಂದರು, ಮುಚ್ಚಳವೂ ಇಲ್ಲ, ಘಮಘಮ ಎನ್ನುತ್ತಾ ಇಡೀ ಬೀದಿಗೆ ತೋರಿಸಿಕೊಂಡು. ನಾನು ತಮಾಷೆಗೆ ಇದಕ್ಕೆ ಇದ್ದಿಲಿಲ್ಲವೇ ಎಂದೆ.

“ಸೊಪ್ಪಿನ ಸಾರ್ಗೆ ಯಾರ್ ಕಣ್ ಬಿದ್ದಾವು? ಅದನ್ನ ತೋರ್ಸಿದ್ರೇ ಚೆಂದ. ನಾಕ್ ಜನ ನೋಡಿ, ಅವ್ರ ಮನೇಲೂ ಮಾಡ್ಕಳ್ಳಿ.”

ಕಂಪ್ಯೂಟರಿಗೂ ಅದೇ ಲೆಕ್ಕ ತಂದರು. ಫ್ಯಾನು, ನಲ್ಲಿ, ಬಸ್ಸು ತಡ, ಇವೆಲ್ಲ ಸೊಪ್ಪಿನ ಸಾರು, ಎಲ್ಲರೂ ನೋಡಲಿ. ನೋಡಿದರೆ ನಾಚಿಕೆಗಾದರೂ ಸರಿಮಾಡುತ್ತಾರೆ. ಒಬ್ಬಳ ಮೈಗೆ, ಮನಸ್ಸಿಗೆ, ಮನೆಗೆ ತಗಲುವುದಕ್ಕೆ ಮಾತ್ರ ಇದ್ದಿಲು. ಮ್ಯಾನೇಜರು ಒಮ್ಮೆ, ತಪಾಸಣೆಯವರು ಬರುತ್ತಾರೆ, ಶೌಚಾಲಯದ ದೂರುಗಳಿಗೂ ಬೀಗ ಹಾಕಿ ಎಂದರಂತೆ. ಅಕ್ಕ ಆಗುವುದಿಲ್ಲ ಎಂದುಬಿಟ್ಟರು. ಸಂಜೆ ನಮ್ಮ ಜಗುಲಿಯಲ್ಲಿ ಕಾಲು ನೀಡಿ ಕುಳಿತು ಅದನ್ನು ಹೇಳುವಾಗಲೂ ಕೋಪವಿತ್ತು. “ಸೊಪ್ಪಿನ ಸಾರ್ಗೂ ಇದ್ದಿಲು ಮಡಗ್ತಾ ಓದ್ರೆ, ಬಾಡಿನ ಮೇಲಿರೋ ಇದ್ದಿಲ್ಗೆ ಏನ್ ಬೆಲೆ ಕಣಮ್ಮ?”

ಇನ್ನು ಮಿಕ್ಸಿ. ಗುಟ್ಟಿನ ಮಾತು ಹೇಳಬೇಕಾದಾಗ ದನಿ ತಗ್ಗಿಸುವುದು ಅವರಿಗೆ ಬರುತ್ತಿರಲಿಲ್ಲ. ಪ್ರಯತ್ನಪಟ್ಟರೆ ಕೆಮ್ಮು ಬರುತ್ತಿತ್ತು. ಅದಕ್ಕೆ ಅಡುಗೆಮನೆಗೆ ಬಂದು, “ಮಿಕ್ಸಿ ಆಕಮ್ಮ,” ಎನ್ನುತ್ತಿದ್ದರು. ನಾನು ಹುರಿಗಡಲೆಯನ್ನೋ ಶೇಂಗಾ ಬೀಜವನ್ನೋ ಹಾಕಿ ಗುಂಡಿ ತಿರುಗಿಸುತ್ತಿದ್ದೆ. ಆ ಗದ್ದಲದೊಳಗೆ ಅವರ ಮುಖ ಹಗುರಾಗುತ್ತಿತ್ತು. ಚಿಕ್ಕಂದಿನ ಮನೆಗೆ ಹೋದಂತೆ, ಗೋಡೆಯ ಆಚೆ ಹೊಳೆ ಬೀಳುತ್ತಿರುವಂತೆ. ಮಿಕ್ಸಿ ಬಿಸಿಯಾಗಿ ನಿಲ್ಲಿಸಿದರೆ ಅವರೂ ಅರ್ಧ ಮಾತಿನಲ್ಲಿ ನಿಲ್ಲುತ್ತಿದ್ದರು. ಇಬ್ಬರೂ ಸುಮ್ಮನೆ ನಿಂತು ಅದು ತಣ್ಣಗಾಗುವುದನ್ನು ಕಾಯುತ್ತಿದ್ದೆವು. ನಮ್ಮವರಿಗೆ ಆ ಕಾಲದಲ್ಲಿ ಚಟ್ನಿಪುಡಿ ಎಂದರೆ ಹೆದರಿಕೆಯಾಗುತ್ತಿತ್ತು. ಕಾಲೇಜಿನ ಸಹೋದ್ಯೋಗಿಗಳಿಗೆಲ್ಲ ಹಂಚಿದರೂ ಮುಗಿಯುತ್ತಿರಲಿಲ್ಲ.

ಒಂದು ಸಂಜೆ ಅವರು ಬಂದದ್ದು ಬೇರೆ ಥರ ಇತ್ತು. ಚಪ್ಪಲಿ ಬಿಡುವುದನ್ನೂ ಮರೆತು ನೇರ ಅಡುಗೆಮನೆಗೆ ಬಂದರು. ಕೊಡೆ ಇನ್ನೂ ಕಂಕುಳಲ್ಲಿತ್ತು. ಕೇಳುವ ಮೊದಲೇ ಮಿಕ್ಸಿ ಹಾಕಿದೆ.

ಆ ವಾರ ನಾನು ಇಂಗ್ಲಿಷ್ ಮಾಡಿದ್ದ ಒಂದು ದೂರಿನ ಮಾತು. ಹೊಲಿಗೆ ತೋರಿಸುವ ನೆಪದಲ್ಲಿ ಲೈನಿನ, ಅಂದರೆ ಒಂದು ಸಾಲು ಯಂತ್ರಗಳ, ಸೂಪರ್‌ವೈಸರು ಒಬ್ಬ ಹುಡುಗಿಯ ಕೈಮೇಲೆ ಕೈ ಇಡುತ್ತಿದ್ದ, ಉಗ್ರಾಣದ ಹತ್ತಿರ ಕಾಯುತ್ತಿದ್ದ. ಅದನ್ನು ಬರೆಯುವಾಗ ನನಗೆ ಸಿಸ್ಟರ್‌ಗಳು ಕಲಿಸಿದ ಯಾವ ಪದವೂ ಸಾಲದೆ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದೆ. ಅಕ್ಕ ಅದನ್ನು ವಿಚಾರಣೆಯ ಸಮಿತಿಗೆ ಕೈಯಾರೆ ಮುಟ್ಟಿಸಿದ್ದರು. ಕಂಪ್ಯೂಟರಿನಲ್ಲಿ ಇದ್ದಿಲು ಹಾಕಿದ್ದೆವು.

“ಎಸ್ರು ಮುಚ್ಚಿದ್ದೋ ಕಣಮ್ಮ. ಬಸ್ಸು ಮುಚ್ನಿಲ್ಲ.”

ಬೀಗ ಹಾಕಿದ ದೂರಿನ ಒಳಗೇನಿದೆ ಎಂದು ಬೇರೆಯವರಿಗೆ ಕಾಣುವುದಿಲ್ಲ, ಸರಿ. ಆದರೆ ಪಟ್ಟಿಯಲ್ಲಿ ಅದರ ಸಾಲು ಕಾಣುತ್ತದೆ. ಸಾಲಿನಲ್ಲಿ ಲೈನ್ ನಂಬರು, ಯಾವ ಬಸ್ಸಿನಲ್ಲಿ ಬರುವವರು ಎಂಬುದು. ಬಸ್ಸಿನ ದೂರುಗಳಿಗೆ ಅನುಕೂಲವಾಗಲಿ ಎಂದು ಯಾರೋ ಹಿಂದೆ ಹಾಕಿಸಿದ್ದ ಖಾನೆ. ಅದರ ಕಡೆ ನಮ್ಮಿಬ್ಬರ ಗಮನವೂ ಹೋಗಿರಲಿಲ್ಲ. ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನ ಸೂಪರ್‌ವೈಸರುಗಳು, ಬಸರಾಳು ಬಸ್ಸಿನವಳು ಒಬ್ಬಳು ಬೀಗದ ಕಂಪ್ಲೇಂಟು ಕೊಟ್ಟಿದ್ದಾಳಂತೆ ಎಂದು ಆಡಿಕೊಳ್ಳುವುದು ಅಕ್ಕನ ಕಿವಿಗೆ ಬಿದ್ದಿತ್ತು. ಸಾಫ್ಟ್‌ವೇರಿನವರಿಗೆ ಫೋನು ಮಾಡಿದರೆ, ಆ ಖಾನೆ ತೆಗೆಯಲು ಹದಿನೈದು ದಿನ ಬೇಕು ಎಂದರಂತೆ.

ಹದಿನೈದು ದಿನ! ಹೊರದೇಶದಲ್ಲಿ ಕುಳಿತು ಅದನ್ನು ಮಾಡಿದವರಿಗೆ, ಹೆಸರು ಮುಚ್ಚಿದರೆ ಆಳೇ ಮುಚ್ಚಿಹೋಯಿತು ಅನ್ನಿಸಿರಬೇಕು. ನಮ್ಮ ಕಡೆ ಹೆಸರು ಯಾರಿಗೆ ಬೇಕು. ಸಿಕ್ಕಿದ ಕೂಡಲೇ ಕೇಳುವುದು ಯಾವೂರು, ಯಾರ ಮನೆ ಎಂದು. ಆ ಲೈನಿನಲ್ಲಿ ಬಸರಾಳು ಬಸ್ಸಿನ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಮದುವೆಯಾಗದವಳು ಯಾರು ಎಂದು ಹುಡುಕಲು ಒಂದು ಕಾಫಿಯಷ್ಟು ಹೊತ್ತು ಸಾಕು.

“ಗಂಡು ಗೊತ್ತಾಗ್ಯದೆ ಆ ಮಗೀಗೆ. ಮುಂದಿನ ತಿಂಗ್ಳು ಶಾಸ್ತ್ರ. ತಪ್ಪು ಅವಂದು, ಊರ ಬಾಯ್ಗೆ ಬೀಳೋಳು ಇವ್ಳು. ಇವ್ಳೇ ಅಂತ ಗೊತ್ತಾದ್ರೆ ಆ ಮದ್ವೆ ನಿಂತೋಯ್ತದೆ.”

ಮಿಕ್ಸಿ ಬಿಸಿಯಾಗಿ ವಾಸನೆ ಬರತೊಡಗಿತು. ನಿಲ್ಲಿಸಿದೆ. ಅಡುಗೆಮನೆ ತಟ್ಟನೆ ಖಾಲಿಯಾದಂತಾಯಿತು. ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕ ಅದನ್ನೇ ನೋಡುತ್ತಾ ನಿಂತರು. ಒಂದು ತೊಟ್ಟು ಬಿದ್ದರೆ ಅದರ ಸದ್ದು ಎಷ್ಟು ಚೆನ್ನಾಗಿ ಕೇಳುತ್ತದೆ. ಅವರು ಮುಂದೆ ಬಂದು ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಭೋರೆಂದು ಪಾತ್ರೆಗಳ ಮೇಲೆ ಸುರಿಯಿತು. ತೊಟ್ಟು ಎಲ್ಲಿತ್ತೋ.

“ನಾಳೆ ನಿಂಗೆ ಸ್ಯಾನೆ ಕೆಲ್ಸ ಅದೆ ಕಣಮ್ಮ,” ಎಂದರು. ನೀರು ನಿಲ್ಲಿಸಿ, ಚಪ್ಪಲಿ ಕಾಲಿನಲ್ಲೇ ಇರುವುದನ್ನು ಆಗ ನೋಡಿಕೊಂಡು, ನಾಲಿಗೆ ಕಚ್ಚಿ ಹೊರಟುಹೋದರು.

ಮಾರನೆಯ ದಿನ ಬೆಳಿಗ್ಗೆ ಅವರು ಕಾರ್ಖಾನೆಯ ಗೇಟಿನಲ್ಲಿ ನಿಂತರಂತೆ. ಒಂದೊಂದು ಬಸ್ಸು ಬಂದು ನಿಂತಾಗಲೂ ಆ ಲೈನಿನ ಹೆಂಗಸರನ್ನು ಕರೆದು, ಇವತ್ತು ನೀವೆಲ್ಲ ಒಂದೊಂದು ಕಂಪ್ಲೇಂಟು ಕೊಡಬೇಕು ಎಂದರಂತೆ. ಏನಂತ ಮೇಡಂ, ಎಂದವರಿಗೆ, ಬೆಳಗಿನ ಉಪ್ಪಿಟ್ಟು ಹೆಂಗಿತ್ತು ಎಂದು ಕೇಳಿದರಂತೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗುವುದು ಅಲ್ಲಿ ದಿನದ ಮಾತು. ಯಾಕೆ ಎಂದು ಯಾರೂ ಕೇಳಲಿಲ್ಲವಂತೆ. ಕೆಲವರಿಗೆ ಗೊತ್ತಿದ್ದಿರಬಹುದು. ಒಬ್ಬಾಕೆ ಮಾತ್ರ, “ನಂಗೆ ಬೀಪಿ ಅದೆ ಮೇಡಂ, ನಂಗೆ ಸರ್ಯಾಗೇ ಇತ್ತು,” ಎಂದಳಂತೆ. ನಿಂಗೆ ಸರಿಯಾಗಿದ್ದರೆ ಬೇರೆಯವರಿಗೆ ಸಪ್ಪೆ ಎಂದೇ ಅರ್ಥ, ಕೊಡು ಎಂದರಂತೆ ಅಕ್ಕ.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕಂಪ್ಯೂಟರಿಗೆ ಬರಲು ಶುರುವಾಯಿತು. ಮಳವಳ್ಳಿ ಬಸ್ಸು, ಉಪ್ಪಿಟ್ಟಿಗೆ ಉಪ್ಪಿಲ್ಲ. ಬಸರಾಳು ಬಸ್ಸು, ಉಪ್ಪಿಟ್ಟಿಗೆ ಉಪ್ಪಿಲ್ಲ. ಮಂಡ್ಯ ಬಸ್ಸು, ಉಪ್ಪೂ ಇಲ್ಲ, ಒಗ್ಗರಣೆಯೂ ಇಲ್ಲ. ಮತ್ತೆ ಬಸರಾಳು. ಒಂದೇ ಮಾತನ್ನು ನಾನೂ ಒಂದೇ ಥರ ಬರೆಯಬಾರದಲ್ಲ. ಉಪ್ಪಿನ ಅಭಾವ, ರುಚಿಯ ನ್ಯೂನತೆ, ಉಪಾಹಾರದ ಬಗ್ಗೆ ವಿನಮ್ರ ಅಸಮಾಧಾನ, ಹೀಗೆ ಕಾನ್ವೆಂಟಿನ ಸಂಪತ್ತನ್ನೆಲ್ಲ ಆ ದಿನ ಉಪ್ಪಿಟ್ಟಿಗೆ ಸುರಿದೆ. ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಇಳಿದು ಕೈಮೇಲೆ ಬಂತು, ಕೈ ದಾಟಿ ಗೋಡೆಗೆ ಹೋಯಿತು. ನಾನು ಬರೆಯುತ್ತಲೇ ಇದ್ದೆ. ಎಲ್ಲಕ್ಕೂ ಇದ್ದಿಲು ಹಾಕು ಎಂದು ಅಕ್ಕನ ಅಪ್ಪಣೆಯಾಗಿತ್ತು. “ಇವತ್ತೊಂದಿನ ಸೊಪ್ಪಿನ ಸಾರ್ಗೂ ಇದ್ದಿಲು ಕಣಮ್ಮ,” ಎಂದಿದ್ದರು ಫೋನಿನಲ್ಲಿ. ಅಷ್ಟು ಗಟ್ಟಿ ದನಿ, ಆ ಒಂದು ವಾಕ್ಯಕ್ಕೆ ಸ್ವಲ್ಪ ಕುಗ್ಗಿತ್ತು.

ಸಂಜೆಗೆ ಆ ಪಟ್ಟಿ ನೋಡಿದರೆ ಬೀಗ, ಬೀಗ, ಬೀಗ. ಎಲ್ಲ ಬಸ್ಸುಗಳದ್ದೂ. ಬಸರಾಳಿನದ್ದು ಯಾವುದು ಮೊದಲಿನದು, ಯಾವುದು ಇವತ್ತಿನದು ಎಂದು ಕೇಳುವ ಆಸಕ್ತಿಯೂ ಯಾರಿಗೂ ಉಳಿದಿರಲಿಲ್ಲ. ಬೀಗದ ದೂರು ಎಂದರೆ ಉಪ್ಪಿಟ್ಟಿನ ದೂರು ಎಂದು ಕಾರ್ಖಾನೆಯ ತುಂಬ ನಗೆಯಾಯಿತಂತೆ. ಆ ನಗೆ ಅಡುಗೆಯವನ ಕಿವಿಗೂ ಬಿದ್ದು, ಮರುದಿನದಿಂದ ಬಾಯಿಗಿಡಲಾಗದಷ್ಟು ಉಪ್ಪು. ಬೀಪಿಯ ಆ ಹೆಂಗಸು ಮನೆಯಿಂದ ಡಬ್ಬಿ ತರತೊಡಗಿದಳಂತೆ. ಆ ಸೂಪರ್‌ವೈಸರನ್ನು ಸಮಿತಿ ಕರೆಸಿ, ವಿಚಾರಣೆ ಮಾಡಿ, ಕೆಲಸದಿಂದ ತೆಗೆಯಿತು. ಆ ಕಾಗದಗಳು ಸಮಿತಿಯ ಬಳಿ ಇರಬೇಕಾದ ಕಡೆ ಇದ್ದವು. ಹುಡುಗಿ ಯಾರೆಂದು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಕ್ಕ ರೇಷ್ಮೆ ಸೀರೆಯುಟ್ಟು ಎಲ್ಲಿಗೋ ಹೋಗಿಬಂದು ನಮ್ಮ ಗೇಟಿನ ಹತ್ತಿರ ನಿಂತರು. ಮಿಕ್ಸಿ ಬೇಡ ಎಂಬಂತೆ ಕೈಯಾಡಿಸಿದರು. “ಮದ್ವೆ ಆಯ್ತು ಕಣಮ್ಮ,” ಎಂದರು, ಬೀದಿಗೆಲ್ಲ ಕೇಳಿಸುವಂತೆ. ಯಾರದ್ದೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೋಸಂಬರಿಗೆ ಮಾವಿನಕಾಯಿ ಹಾಕಿದ್ದರು, ಪಾಯಸ ಗಟ್ಟಿಯಾಗಿತ್ತು ಎಂದು ಮಾತ್ರ ಹೇಳಿ ಹೋದರು.

ಅದಾದ ಮೇಲೆ ಅವರಿಗೆ ನಿವೃತ್ತಿಯಾಯಿತು. ಮನೆ ಖಾಲಿ ಮಾಡಿ ಮಳವಳ್ಳಿಗೆ ಮಗಳ ಹತ್ತಿರ ಹೊರಟರು. ಸಾಮಾನಿನ ಗಾಡಿ ಹತ್ತುವ ಮೊದಲು ಬಂದು, ಕೊಡೆಯನ್ನು ನನಗೆ ಕೊಟ್ಟರು. ಯಾಕೆಂದು ಹೇಳಲಿಲ್ಲ. ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಒಂದು ಕಡ್ಡಿ ಮುರಿದಿತ್ತು. ಕಂಪನಿಯವರು ಇಂಗ್ಲಿಷ್ ಮಾಡಲು ಬೇರೆ ವ್ಯವಸ್ಥೆ ಮಾಡಿಕೊಂಡರು, ನನ್ನ ಕೆಲಸವೂ ನಿಂತಿತು. ಮಿಕ್ಸಿ ಈಗ ಬೇಕಾದಷ್ಟೇ ತಿರುಗುತ್ತದೆ.

ಮಧ್ಯಾಹ್ನ ಊಟದ ಮೇಲೆ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದೆ. ಮಗಳ ಹಳೆಯ ಫ್ರಾಕಿನಿಂದ ಹೊಲಿದ ಹೊದಿಕೆ. ಲಾಗಿನ್ನಿನ ಗುಪ್ತಪದವನ್ನು ಬೆರಳುಗಳೇ ನೆನಪಿಟ್ಟುಕೊಂಡಿದ್ದವು. ಪಟ್ಟಿ ತೆರೆಯಿತು. ಸಾಲು ಸಾಲು ಬೀಗಗಳು. ಇಷ್ಟು ವರ್ಷ ಯಾರೂ ಬರದ ಬೀದಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿ ಮಧ್ಯಾಹ್ನದ ನಿದ್ದೆ ಮಾಡುತ್ತಿರುವ ಹಾಗೆ. ಬಸ್ಸಿನ ಖಾನೆಯನ್ನು ತೆಗೆದಿದ್ದರು. ಬರೀ ನಂಬರುಗಳು.

ಒಂದನ್ನು ಒತ್ತಿದೆ. ಈ ದೂರನ್ನು ನೋಡಲು ನಿಮಗೆ ಅನುಮತಿ ಇಲ್ಲ ಎಂದು ಬಂತು. ಇನ್ನೊಂದು ಒತ್ತಿದೆ, ಅದೇ ಮಾತು. ಮತ್ತೊಂದು. ಪ್ರತಿಯೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ: ನೋಡಬಲ್ಲವರು, ದೂರು ಕೊಟ್ಟವರು ಮಾತ್ರ. ಬದಲಾಯಿಸಿದವರ ಜಾಗದಲ್ಲಿ ಅಕ್ಕನ ಹೆಸರು. ಅವರ ಕೆಲಸದ ಕೊನೆಯ ದಿನ.

ನಾವು ಮುಟ್ಟದಿದ್ದ ಆ ಕಟ್ಟಕಡೆಯದನ್ನು ಅವರು ಹೋಗುವ ದಿನ ಮುಟ್ಟಿದ್ದರು. ಸರಿಮಾಡಬೇಕಾದದ್ದು ಮುಗಿದಿತ್ತು. ಇನ್ನು ನೋಡಬೇಕಾದವರು ಯಾರೂ ಇರಲಿಲ್ಲ. ತಮ್ಮನ್ನೂ ಹೊರಗೆ ಹಾಕಿಕೊಂಡು, ನನ್ನನ್ನೂ ಹೊರಗೆ ಹಾಕಿ, ಒಂದೇ ಬೆರಳಿನಲ್ಲಿ ಒಂದೊಂದಾಗಿ ಒತ್ತುತ್ತಾ ಕುಳಿತಿದ್ದಿರಬೇಕು. ನನಗೆ ಹೇಳಿರಲಿಲ್ಲ. ಮತ್ತೊಂದನ್ನು ಒತ್ತಲು ಬೆರಳು ಚಾಚಿದೆ. ಆಮೇಲೆ ಅವರೇ ಮುಚ್ಚಳದ ಮೇಲೆ ಕೈ ಇಟ್ಟು, ಬುಡಮ್ಮ, ತಗಿಬ್ಯಾಡ ಎಂದಂತೆ ಅನ್ನಿಸಿತು. ಉಪ್ಪಿಟ್ಟಿನ ಆ ಸಾಲುಗಳ ನಡುವೆ ಒಂದು ಮಾತ್ರ ಉಪ್ಪಿಟ್ಟಲ್ಲ. ಯಾವುದು ಎಂದು ಈಗ ನನಗೂ ತಿಳಿಯದು.

ಆ ಹುಡುಗನಿಗೆ ಫೋನು ಮಾಡಿದೆ. ನನಗೂ ತೆರೆಯಲಾಗುತ್ತಿಲ್ಲ, ಅವರು ಹಾಗೆ ಮಾಡಿ ಹೋಗಿದ್ದಾರೆ ಎಂದೆ. ಹಾಗಾದರೆ ಸಾಫ್ಟ್‌ವೇರಿನವರಿಗೆ ಬರೆದು ಮೇಲಿನಿಂದಲೇ ತೆರೆಸಬೇಕಾಗುತ್ತದೆ, ಒಳಗೇನಿದೆಯೋ ತಿಳಿಯದೆ ತಪಾಸಣೆಯವರಿಗೆ ಏನು ಹೇಳಲಿ ಎಂದು ಅವನು ನಿಟ್ಟುಸಿರು ಬಿಟ್ಟ. ಪಾಪ, ಒಳ್ಳೆಯ ಹುಡುಗ. ಮೇಲಿನಿಂದ ತೆರೆದರೆ ಎಲ್ಲವೂ ತೆರೆಯುತ್ತದೆ, ಹೆಸರು, ಊರು, ಕೈಮೇಲೆ ಕೈ. ಈಗ ಅವಳು ಯಾವ ಮನೆಯಲ್ಲಿದ್ದಾಳೋ, ಆ ಮನೆಯಿಂದ ಯಾರು ಆ ಕಾರ್ಖಾನೆಗೆ ಹೋಗುತ್ತಾರೋ.

“ಒಳಗಿರೋದು ಉಪ್ಪಿಟ್ಟಿನ ದೂರು,” ಎಂದೆ. “ಉಪ್ಪಿಟ್ಟಿಗೆ ಉಪ್ಪಿಲ್ಲ ಅಂತ. ಇಂಗ್ಲಿಷ್ ಮಾಡಿದವಳು ನಾನೇ.”

ಆ ಕಡೆ ಮೌಸ್ ಒತ್ತುವ ಸದ್ದು. “ಎಲ್ಲವೂ ಉಪ್ಪಿಟ್ಟೇನಾ ಮೇಡಂ?”

ಕಿಟಕಿಯ ಬಿಸಿಲು ಕೈಮೇಲೆ ಬಂದಿತ್ತು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಸಿಸ್ಟರ್ ನಮ್ಮ ಕಣ್ಣನ್ನೇ ನೋಡುತ್ತಿದ್ದರು. ಫೋನಿನಲ್ಲಿ ಕಣ್ಣು ಕಾಣುವುದಿಲ್ಲ.

“ಎಲ್ಲವೂ ಉಪ್ಪಿಟ್ಟೇ ಕಣಪ್ಪ,” ಎಂದೆ.

ಅವನು ನಕ್ಕುಬಿಟ್ಟ. ಉಪ್ಪಿಟ್ಟಿಗೆ ಯಾರು ಬರೆದುಕೊಂಡು ಕೂರುತ್ತಾರೆ, ಹಳೆಯ ಊಟದ ದೂರುಗಳು, ಮುಗಿದಿವೆ ಎಂದು ಒಂದು ಷರಾ ಹಾಕಿ ಹಾಗೇ ಬಿಡುತ್ತೇನೆ ಎಂದ. ನನ್ನ ಲಾಗಿನ್ನನ್ನೂ ತೆಗೆದುಬಿಡಲೇ ಎಂದು ಕೇಳಿದ. ತೆಗೆದುಬಿಡಪ್ಪ ಎಂದೆ.

ಸಂಜೆ ಜಗುಲಿಯಲ್ಲಿ ಕುಳಿತಿದ್ದೆ. ನಿಂಗಮ್ಮನವರು ಮೊರದಲ್ಲಿ ಅವರೆಕಾಯಿ ಹಿಡಿದು ಬಂದು ಪಕ್ಕದಲ್ಲಿ ಕುಳಿತು ಬಿಡಿಸತೊಡಗಿದರು. ಅವರು ಈ ಬೀದಿಗೆ ಬಂದದ್ದು ಅಕ್ಕ ಮಳವಳ್ಳಿಗೆ ಹೋದ ಮೇಲೆ. ಬೆಳಿಗ್ಗೆಯಿಂದ ಮುಖ ಯಾಕೆ ಒಂಥರಾ ಇದೆ ಎಂದು ಕೇಳಿದರು. ಅಲ್ಲಿ ಮೂರನೇ ಮನೆಯಲ್ಲಿ ಒಬ್ಬರಿದ್ದರು, ಮದ್ದೂರಿನ ಆಚೆ ಗಾರ್ಮೆಂಟ್ಸಿನಲ್ಲಿ ವೆಲ್‌ಫೇರ್ ಮೇಡಂ ಆಗಿದ್ದರು, ತೀರಿಕೊಂಡರು ಎಂದೆ. ಅಯ್ಯೋ ಪಾಪ ಎಂದರು. ಎದುರುಮನೆಯ ಬಾಗಿಲಲ್ಲಿ ಅವರ ಸೊಸೆ ಮಗುವಿಗೆ ಊಟ ಮಾಡಿಸುತ್ತಿದ್ದಳು. ಬೆಳಗಿನ ರಂಗೋಲಿ ಕಾಲ್ತುಳಿತಕ್ಕೆ ಮಸುಕಾಗಿ, ಎಲೆಗಳಷ್ಟೇ ಉಳಿದಿದ್ದವು. ಗಾರ್ಮೆಂಟ್ಸ್ ಎಂಬ ಮಾತು ಕೇಳಿ ಅವಳ ಕೈ ತುತ್ತಿನ ಜೊತೆ ಒಂದು ಗಳಿಗೆ ನಿಂತಿತು. ಆಮೇಲೆ ಮಗುವಿನ ಬಾಯಿಗೆ ತುತ್ತಿಟ್ಟು, ಸೆರಗಿನಿಂದ ಅದರ ಗಲ್ಲ ಒರೆಸಿದಳು.

ನಿಂಗಮ್ಮನವರು ಕಾಯಿಯೊಂದನ್ನು ಬಿಡಿಸಿ, ಹುಳ ಕಂಡು, ಬೀದಿಗೆ ಎಸೆದರು.

“ನಮ್ ಸೊಸೇನೂವೆ ಮದ್ವೆಗ್ ಮುಂಚೆ ಅಲ್ಗೇ ಓಯ್ತಿದ್ಲು ಕಣವ್ವ, ಬಸರಾಳು ಬಸ್ನಾಗೆ. ಏನೂ ತೊಂದ್ರೆ ಇರ್ನಿಲ್ವಂತೆ. ಉಪ್ಪಿಟ್ಗೆ ಉಪ್ಪಿಲ್ಲ ಅಂತ ಒಂದ್ ಕಂಪ್ಲೇಂಟ್ ಕೊಟ್ಟಿದ್ಲಂತೆ, ಅಷ್ಟೇಯ.”